ಹೊಳೆಯ ಎದುರಿಗೆ ಇಪ್ಪತ್ತು ಹಲ್ಲು

"ಯಾಂವ ಎಣಿಸ್ಯಾನಪಾ? ಹದಿನೆಂಟ ಇರತಾವು."

ಕಲಘಟಗಿಯ ನಮ್ಮ ಸೈಕಲ್ ಮೇಸ್ತ್ರಿ ಕಾಕಾ ಹೀಗೆ ಅಂದಾಗ ಅವರ ಮೊಣಕಾಲುಗಳ ನಡುವೆ ನಮ್ಮಪ್ಪನ ಹರ್ಕ್ಯುಲಿಸ್ ಸೈಕಲ್ಲಿನ ಹಿಂದಿನ ಗಾಲಿ ಇತ್ತು. ಅದರ ಫ್ರೀವೀಲಿಗೆ ಎಷ್ಟು ಹಲ್ಲು ಎಂದು ನಾನು ಕೇಳಿದ್ದೆ. ಜೀವಮಾನವೆಲ್ಲ ಆ ಹಲ್ಲುಗಳ ಮೇಲೆ ಚೈನು ಕೂರಿಸುತ್ತ ಬಂದ ಮನುಷ್ಯನಿಗೆ ಎಣಿಸುವ ಪ್ರಸಂಗ ಒಮ್ಮೆಯೂ ಬಂದಿರಲಿಲ್ಲ.

"ಯಾಕ ಹದಿನೆಂಟ, ಕಾಕಾ?"

"ಯಾಕಂದ್ರ? ಅಂಗಡ್ಯಾಗ ಹದಿನೆಂಟಿಂದ ಸಿಗತೈತಿ, ಅದಕ್ಕ."

ಉತ್ತರದಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಅದು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಅಂಗಡಿಗೆ ಹದಿನೆಂಟು ಎಲ್ಲಿಂದ ಬಂತು?

ಅಪ್ಪನ ಸೈಕಲ್ಲು ಹತ್ತು ಹನ್ನೆರಡು ವರ್ಷ ದನದ ಕೊಟ್ಟಿಗೆಯ ಗೋಡೆಗೆ ಒರಗಿಕೊಂಡೇ ಇತ್ತು. ಕೋಳಿಗಳು ಅದರ ಕ್ಯಾರಿಯರ್ ಮೇಲೆ ರಾತ್ರಿ ಕಳೆಯುತ್ತಿದ್ದವು. ಒಂದು ಬೇಸಗೆಯಲ್ಲಿ ಅದನ್ನು ಹೊರಗೆಳೆದು, ಪೂರ್ತಿ ಬಿಚ್ಚಿ, ಮತ್ತೆ ಕಟ್ಟುವ ಹುಚ್ಚು ನನಗೆ ಹಿಡಿಯಿತು. ಇಪ್ಪತ್ತೊಂದು ಗೇರಿನದೊಂದು ಕೊಂಡರೆ ಮುಗಿಯಿತಲ್ಲ ಎಂದು ಮಗ ಹೇಳಿದ. ನನಗೆ ಬೇಕಾಗಿದ್ದದ್ದು ಈ ಸೈಕಲ್ಲು, ಇದರ ಸೀದಾತನ. ಇಪ್ಪತ್ನಾಲ್ಕು ಇಂಚಿನ ಚೌಕಟ್ಟು ಎಲ್ಲೂ ಬಿರುಕು ಬಿಟ್ಟಿರಲಿಲ್ಲ. ಮುಂದಿನ ಗಾಲಿಗೆ 32 ಕಡ್ಡಿ, ಹಿಂದಿನದಕ್ಕೆ 40. ಭಾರ ಬೀಳುವುದು ಹಿಂದೆ, ಆದ್ದರಿಂದ ಅಲ್ಲಿ ಹೆಚ್ಚು. ಇದು ಹಳೆಯ ಇಂಗ್ಲಿಷ್ ಸೈಕಲ್ಲುಗಳ ಲೆಕ್ಕ. ಕಡ್ಡಿಗಳಲ್ಲಿ ಏಳು ಮುರಿದಿದ್ದವು, ಹಾಕಿಸಿದೆ. ಚೈನಿನ ಡಬ್ಬಿ ತುಕ್ಕು ತಿಂದು ಜಾಳಿಗೆಯಾಗಿತ್ತು, ಎಸೆದೆ. ಡೈನಮೋ ಎಸೆಯಲು ಮನಸ್ಸಾಗಲಿಲ್ಲ. ಅದು ಈಗಲೂ ನನ್ನ ಮೇಜಿನ ಮೇಲೆ ಕಾಗದ ಹಾರದಂತೆ ಕೂತಿದೆ.

ಚೈನನ್ನು ಕಾಕಾ ಮೇಲೆತ್ತಿ ನೋಡಿದ ಕೂಡಲೇ ಬದಿಗಿಟ್ಟರು. ನಾನು ಅಳೆದು ನೋಡಿದೆ. ಸೈಕಲ್ ಚೈನಿನ ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ ಅರ್ಧ ಇಂಚು, ಅಂದರೆ 12.7 ಮಿಲಿಮೀಟರು. ಇಪ್ಪತ್ನಾಲ್ಕು ಕೊಂಡಿ ಹನ್ನೆರಡು ಇಂಚಿಗೆ ಸರಿಯಾಗಿ ಬರಬೇಕು. ಒಂದು ಇಂಚಿನ ಎಂಟನೇ ಒಂದು ಭಾಗ ಹೆಚ್ಚು ಬಂದರೂ ಅದರ ಆಯಸ್ಸು ಮುಗಿಯಿತು ಎಂದೇ ಅರ್ಥ. ಅಪ್ಪನ ಚೈನು ಕಾಲಿಂಚು ಹೆಚ್ಚಿತ್ತು. ಅದನ್ನು ಹೊತ್ತ ಹಲ್ಲುಗಳೂ ಕುಡುಗೋಲಿನ ಹಾಗೆ ಬಾಗಿದ್ದವು. ಹೀಗಾಗಿ ಚೈನು, ಮುಂದಿನ ಹಲ್ಲಿನ ಚಕ್ರ, ಹಿಂದಿನ ಫ್ರೀವೀಲು ಮೂರೂ ಹೊಸವು ಬರಲೇಬೇಕು. ಹೊಸವೇ ತರುವುದಾದರೆ, ಎಷ್ಟು ಹಲ್ಲಿನವು?

ನಮ್ಮ ಕಡೆ ಇಂಥದ್ದನ್ನು ಗೇರಿಲ್ಲದ ಸೈಕಲ್ಲು ಅನ್ನುತ್ತಾರೆ. ಗೇರು ಇದೆ, ಒಂದೇ ಇದೆ. ಅದನ್ನು ಬದಲಿಸುವ ಕಡ್ಡಿ ಹ್ಯಾಂಡಲ್ಲಿನ ಮೇಲಿಲ್ಲ ಅಷ್ಟೆ. ಇಪ್ಪತ್ತೊಂದು ಗೇರಿನವನು ತಪ್ಪಿದರೆ ಮುಂದಿನ ದಿಬ್ಬದಲ್ಲಿ ತಿದ್ದಿಕೊಳ್ಳುತ್ತಾನೆ. ಒಂದೇ ಗೇರಿನವನು ಕೊಟ್ಟಿಗೆಯಲ್ಲಿ ಕೂತು ಮಾಡಿದ ತಪ್ಪನ್ನು ಹುಬ್ಬಳ್ಳಿಯವರೆಗೆ ತುಳಿಯಬೇಕು.

ಮೊದಲು ಇದ್ದದ್ದನ್ನು ಎಣಿಸಿದೆ. ಮುಂದೆ 44, ಹಿಂದೆ ಕಾಕಾ ಹೇಳಿದ್ದಂತೆ 18. ಟಾಯರಿನ ಮೇಲೆ ಸುಣ್ಣದ ಗುರುತು ಹಾಕಿ ಅಂಗಳದಲ್ಲಿ ಒಂದು ಸುತ್ತು ಉರುಳಿಸಿದೆ. 28 ಇಂಚಿನ ಗಾಲಿ, ಒಂದು ಸುತ್ತಿಗೆ 2.23 ಮೀಟರಿಗೆ ಕೊಂಚ ಹೆಚ್ಚು ಸಾಗಿತು. ಪೆಡಲು ಒಂದು ಸುತ್ತು ಬಂದರೆ ಹಿಂದಿನ ಗಾಲಿ ನಲವತ್ನಾಲ್ಕನ್ನು ಹದಿನೆಂಟರಿಂದ ಭಾಗಿಸಿದಷ್ಟು, ಅಂದರೆ ಹೆಚ್ಚುಕಡಿಮೆ ಎರಡೂವರೆ ಸುತ್ತು ಬರುತ್ತದೆ. ಸೈಕಲ್ಲು 5.46 ಮೀಟರು ಮುಂದೆ ಹೋಗುತ್ತದೆ. ಅದೇ ಹೊತ್ತಿಗೆ ನನ್ನ ಕಾಲು ಸುತ್ತಿದ ವೃತ್ತವನ್ನು ಅಳೆದರೆ ಒಂದು ಮೀಟರಿಗೆ ನಾಲ್ಕು ಸೆಂಟಿಮೀಟರು ಹೆಚ್ಚು. ಕಾಲು ಒಂದು ಮಾರು ಹೋದರೆ ಸೈಕಲ್ಲು ಐದು ಮಾರು ಹೋಗುತ್ತದೆ.

ಇಲ್ಲಿ ಮೋಸವೇನೂ ಇಲ್ಲ, ಬೆಲೆ ಇದೆ. ಸನ್ನೆಗೋಲು ಸ್ವಲ್ಪ ಬಲಕ್ಕೆ ದೊಡ್ಡ ಬಂಡೆ ಎಬ್ಬಿಸುತ್ತದೆ. ಸೈಕಲ್ಲು ತಿರುಗಿಸಿ ಹಿಡಿದ ಸನ್ನೆಗೋಲು. ನೆಲದ ಮೇಲೆ ಗಾಲಿಗೆ ಒಂದು ಕಿಲೋದಷ್ಟು ಬಲ ಬೇಕಾದರೆ ಪೆಡಲಿನ ಮೇಲೆ ಐದು ಕಿಲೋಕ್ಕಿಂತ ಹೆಚ್ಚು ಒತ್ತಬೇಕು. ನಾನು, ಸೈಕಲ್ಲು, ಹಿಂದೆ ಕಟ್ಟಿದ ಚೀಲ ಸೇರಿ ನೂರು ಕಿಲೋ ಅಂತಿಟ್ಟುಕೊಳ್ಳಿ. ನೂರು ಅಡಿಗೆ ಮೂರು ಅಡಿ ಏರುವ ದಿಬ್ಬದಲ್ಲಿ ಏರಿಗೆ ಮೂರು ಕಿಲೋ, ಟಾಯರು ಉರುಳುವ ತೊಡಕಿಗೆ ಸುಮಾರು ಒಂದು ಕಿಲೋ. ನಾಲ್ಕು ಕಿಲೋ ಪೆಡಲಿಗೆ ಬರುವಷ್ಟರಲ್ಲಿ ಇಪ್ಪತ್ತೊಂದು. ಅದೂ ಸರಾಸರಿ. ಪೆಡಲು ಮೇಲೂ ಕೆಳಗೂ ನೆಟ್ಟಗೆ ನಿಂತಿರುವ ಗಳಿಗೆಯಲ್ಲಿ ಕಾಲು ಏನೂ ಕೊಡುವುದಿಲ್ಲವಾದ್ದರಿಂದ, ನಡುವೆ ಅದರ ಹೆಚ್ಚುಕಡಿಮೆ ಎರಡರಷ್ಟು ಒತ್ತಬೇಕು. ಸೀಟಿನ ಮೇಲೆ ಕೂತು ಇದಾಗುವುದಿಲ್ಲ. ಅಪ್ಪ ದಿಬ್ಬ ಬಂದಾಗ ಎದ್ದು ನಿಂತು ತುಳಿಯುತ್ತಿದ್ದದ್ದು, ಇನ್ನೂ ಆಗದಾಗ ಇಳಿದು ನೂಕುತ್ತಿದ್ದದ್ದು ನೆನಪಿದೆ. ಅದು ದಿಬ್ಬದ ಸ್ವಭಾವ ಎಂದು ನಾನು ತಿಳಿದಿದ್ದೆ.

ಇನ್ನು ಹದಿನೆಂಟರ ಹುಟ್ಟು. ಅದಕ್ಕೆ ಚೈನೇ ಇಲ್ಲದ ಕಾಲಕ್ಕೆ ಹೋಗಬೇಕು.

1817ರ ಜೂನ್ 12ರಂದು ಜರ್ಮನಿಯ ಮ್ಯಾನ್‌ಹೈಮಿನಲ್ಲಿ ಕಾರ್ಲ್ ಫಾನ್ ಡ್ರೈಸ್ ಎಂಬಾತ ಎರಡು ಗಾಲಿಯ ಮರದ ಗಾಡಿಯ ಮೇಲೆ ಕೂತು, ಕಾಲಿನಿಂದ ನೆಲ ಒದೆಯುತ್ತ ಹೋಗಿ ಬಂದ. ಅದಕ್ಕೆ ಪೆಡಲೂ ಇರಲಿಲ್ಲ. 1860ರ ದಶಕದಲ್ಲಿ ಪ್ಯಾರಿಸ್ಸಿನಲ್ಲಿ ಮುಂದಿನ ಗಾಲಿಯ ಅಚ್ಚಿಗೇ ಪೆಡಲು ಬಂತು. ಈಗ ಮಕ್ಕಳ ಮೂರು ಗಾಲಿಯ ಸೈಕಲ್ಲಿಗೆ ಇರುವಂಥದ್ದು. ಕಾಲು ಒಂದು ಸುತ್ತು, ಗಾಲಿಯೂ ಒಂದೇ ಸುತ್ತು. ಮೂರು ಗಾಲಿಯ ಸೈಕಲ್ಲಿನಲ್ಲಿ ಮಗು ಎಷ್ಟು ಪರಪರ ತುಳಿದರೂ ಅಂಗಳ ದಾಟುವುದಿಲ್ಲ, ಗಮನಿಸಿ. ಹೆಚ್ಚು ದೂರ ಹೋಗಬೇಕಾದರೆ ಗಾಲಿಯನ್ನೇ ದೊಡ್ಡದು ಮಾಡಬೇಕು, ಬೇರೆ ದಾರಿಯಿಲ್ಲ. ಬಿಗಿದೆಳೆದ ತಂತಿಯ ಕಡ್ಡಿಗಳು ಬಂದು ದೊಡ್ಡ ಗಾಲಿಯೂ ಹಗುರವಾಗತೊಡಗಿದಾಗ, 1870ರ ಆಸುಪಾಸಿನಿಂದ, ಇಂಗ್ಲೆಂಡಿನ ಕಾವೆಂಟ್ರಿಯ ಜೇಮ್ಸ್ ಸ್ಟಾರ್ಲಿಯಂಥವರು ಮುಂದಿನ ಗಾಲಿಯನ್ನು ಆಳೆತ್ತರಕ್ಕೆ ಬೆಳೆಸಿದರು. ಹಿಂದೆ ಒಂದು ಪುಟ್ಟ ಗಾಲಿ, ರೂಪಾಯಿಯ ಪಕ್ಕ ನಾಲ್ಕಾಣೆ ಇಟ್ಟ ಹಾಗೆ. ಅವರು ತಮ್ಮ ನಾಣ್ಯಗಳ ಹೆಸರಿಟ್ಟು ಪೆನ್ನಿ-ಫಾರ್ದಿಂಗ್ ಅಂದರು.

ಈ ಸೈಕಲ್ಲು ಕೊಳ್ಳುವವನು ಅಂಗಡಿಯಲ್ಲಿ ಮೊದಲು ಅಳೆಯಬೇಕಾದದ್ದು ತನ್ನ ಕಾಲನ್ನು. ಕಾಲು ಗಿಡ್ಡವಿದ್ದರೆ 48 ಇಂಚಿನ ಗಾಲಿ, ಉದ್ದವಿದ್ದರೆ 54, ತೀರಾ ಎತ್ತರದ ಆಳಾದರೆ 60. ಅದರಾಚೆ ಕಾಲು ನಿಲುಕುವುದಿಲ್ಲ. ಅಂದರೆ ಗಿಡ್ಡನೆಯವನು ಎಷ್ಟೇ ಗಟ್ಟಿಗನಾಗಿದ್ದರೂ ಒಂದು ತುಳಿತಕ್ಕೆ ಕಡಿಮೆಯೇ ಹೋಗಬೇಕು. ಅವನ ಗೇರನ್ನು ಅವನು ಹುಟ್ಟುವಾಗಲೇ ಅಪ್ಪ ಅಮ್ಮ ಆರಿಸಿಬಿಟ್ಟಿದ್ದರು.

ಈ ಗಂಟನ್ನು ಬಿಚ್ಚಿದ್ದು ಚೈನು. 1880ರಲ್ಲಿ ಮ್ಯಾಂಚೆಸ್ಟರಿನಲ್ಲಿ ನೆಲೆಸಿದ್ದ ಸ್ವಿಟ್ಜರ್ಲೆಂಡಿನ ಹಾನ್ಸ್ ರೆನಾಲ್ಡ್, ಪಿನ್ನಿನ ಸುತ್ತ ಬುಷ್ಷು, ಬುಷ್ಷಿನ ಸುತ್ತ ತಿರುಗುವ ರೋಲರು ಇರುವ ಚೈನನ್ನು ರೂಪಿಸಿದ. ಕಾಕಾ ದಿನವೂ ಎಣ್ಣೆ ಬಿಡುವ ಚೈನು ಅದರ ನೇರ ಸಂತಾನ. ಐದು ವರ್ಷದ ನಂತರ, 1885ರಲ್ಲಿ, ಜೇಮ್ಸ್ ಸ್ಟಾರ್ಲಿಯ ಅಣ್ಣತಮ್ಮಂದಿರ ಪೈಕಿ ಒಬ್ಬರ ಮಗ ಜಾನ್ ಕೆಂಪ್ ಸ್ಟಾರ್ಲಿ ರೋವರ್ ಎಂಬ ಸೈಕಲ್ಲು ಮಾಡಿದ. ಪೆಡಲು ನಡುವೆ, ಚೈನು ಹಿಂದಿನ ಗಾಲಿಗೆ. ಗಾಲಿ ಎಷ್ಟೇ ಸಣ್ಣದಿರಲಿ, ಮುಂದೆ ಹೆಚ್ಚು ಹಲ್ಲು ಹಿಂದೆ ಕಡಿಮೆ ಹಲ್ಲು ಇಟ್ಟರೆ ಅದು ದೊಡ್ಡ ಗಾಲಿಯ ಹಾಗೆ ಓಡುತ್ತದೆ. ಕಾಲಿನ ಉದ್ದಕ್ಕೂ ಗಾಲಿಯ ಅಳತೆಗೂ ಇದ್ದ ಋಣ ಹರಿಯಿತು.

ಇಲ್ಲಿ ನನಗೆ ಬಹಳ ಸೇರಿದ ಒಂದು ಸಂಗತಿ ಇದೆ. ಹೊಸ ಸೈಕಲ್ಲು ಮಾರುವವರಿಗೆ ಅದರ ಗೇರನ್ನು ಗಿರಾಕಿಗೆ ತಿಳಿಸುವುದು ಹೇಗೆ ಎಂಬ ಪೇಚು. ಗಿರಾಕಿಗೆ ಗೊತ್ತಿದ್ದದ್ದು ದೊಡ್ಡ ಗಾಲಿಯ ಇಂಚು ಮಾತ್ರ. ಹಾಗಾಗಿ ಅವರು, ಈ ಸಣ್ಣ ಗಾಲಿಯ ಸೈಕಲ್ಲು ಇಂತಿಷ್ಟು ಇಂಚಿನ ದೊಡ್ಡ ಗಾಲಿಗೆ ಸಮ ಎಂದು ಲೆಕ್ಕ ಹಾಕಿ ಹೇಳಿದರು. ದೊಡ್ಡ ಗಾಲಿಗಳು ಗುಜರಿಗೆ ಹೋಗಿ ನೂರು ವರ್ಷ ದಾಟಿದರೂ ಇಂಗ್ಲಿಷ್ ಬಲ್ಲ ದೇಶಗಳಲ್ಲಿ ಸೈಕಲ್ಲಿನವರು ಗೇರನ್ನು ಇವತ್ತಿಗೂ ಇಂಚಿನಲ್ಲೇ ಹೇಳುತ್ತಾರೆ. ಫ್ರೆಂಚರು ಮಾತ್ರ ನಾನು ಅಂಗಳದಲ್ಲಿ ಮಾಡಿದ ಹಾಗೆ, ಒಂದು ತುಳಿತಕ್ಕೆ ಎಷ್ಟು ಮೀಟರು ಎಂದು ಅಳೆಯುತ್ತಾರೆ. ಬಿತ್ತನೆಯ ಬೀಜವನ್ನು ನಮ್ಮ ಹಿರಿಯರು ಇನ್ನೂ ಸೇರಿನಲ್ಲೇ ಎಣಿಸುವುದನ್ನು ಕಂಡವರಿಗೆ ಇದು ವಿಚಿತ್ರ ಅನ್ನಿಸಲಾರದು.

ಲೆಕ್ಕ ಸುಲಭ. ಮುಂದಿನ ಹಲ್ಲನ್ನು ಹಿಂದಿನ ಹಲ್ಲಿನಿಂದ ಭಾಗಿಸಿ ಗಾಲಿಯ ಇಂಚಿನಿಂದ ಗುಣಿಸಬೇಕು. 44, 18, 28. ಉತ್ತರ 68.

ಇದನ್ನು ಹಳೆಯ ಪಂಚಾಂಗದ ಹಿಂಬದಿಗೆ ಬರೆದು ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ತೀರಾ ಎತ್ತರದ ಇಂಗ್ಲಿಷ್ ಆಳು ಹತ್ತುತ್ತಿದ್ದದ್ದು 60 ಇಂಚಿನ ಗಾಲಿ. 1884ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟು ದೊಡ್ಡ ಗಾಲಿಯ ಮೇಲೆ ಜಗತ್ತು ಸುತ್ತಿದ, 1886ರಲ್ಲಿ ನಮ್ಮ ಗ್ರ್ಯಾಂಡ್ ಟ್ರಂಕ್ ರಸ್ತೆಯಲ್ಲಿ ಕಲ್ಕತ್ತೆಯವರೆಗೆ ತುಳಿದ ಥಾಮಸ್ ಸ್ಟೀವನ್ಸನದು 50 ಇಂಚು. ನಮ್ಮಪ್ಪ ಐದು ಅಡಿ ನಾಲ್ಕು ಇಂಚಿನ ಆಳು. ಕ್ಯಾರಿಯರಿಗೆ ಭತ್ತದ ಚೀಲ ಕಟ್ಟಿಕೊಂಡು, ಕಲಘಟಗಿಯ ಏರಿನಲ್ಲಿ, ಯಾವ ಮನುಷ್ಯನಿಗೂ ಕಾಲು ನಿಲುಕದ 68 ಇಂಚಿನ ಗಾಲಿಯನ್ನು ತುಳಿಯುತ್ತಿದ್ದ. ದಿಬ್ಬದಲ್ಲಿ ಇಳಿದು ನೂಕುತ್ತಿದ್ದದ್ದು ಸುಮ್ಮನೆ ಅಲ್ಲ.

ಕಾಲಿನ ಮಿತಿ ಹೋದ ಮೇಲೆ ಇಂಚು ಮೇಲೇರಲು ತಡೆ ಇರಲಿಲ್ಲ. 1888ರಲ್ಲಿ ಬೆಲ್‌ಫಾಸ್ಟಿನ ದನದ ಡಾಕ್ಟರ್ ಜಾನ್ ಬಾಯ್ಡ್ ಡನ್‌ಲಪ್ ಗಾಳಿ ತುಂಬಿದ ಟಾಯರು ತಂದ, ಗಾಲಿ ಉರುಳುವುದು ಹಗುರವಾಯಿತು. ಮಟ್ಟಸ ರಸ್ತೆಯ ಮೇಲೆ ಒಬ್ಬನೇ, ಬರಿಗೈಯಲ್ಲಿ ಹೋಗುವವನಿಗೆ 68 ಒಳ್ಳೆಯ ಅಂಕಿಯೇ. ಅಂಥ ಸೈಕಲ್ಲು ಹಡಗು ಹತ್ತಿ ನಮ್ಮಲ್ಲಿಗೆ ಬಂತು. 1949ರಲ್ಲಿ ಮದ್ರಾಸಿನಲ್ಲಿ ಮುರುಗಪ್ಪ ಮನೆತನದವರು ಇಂಗ್ಲೆಂಡಿನ ಟ್ಯೂಬ್ ಇನ್ವೆಸ್ಟ್‌ಮೆಂಟ್ಸ್ ಜೊತೆ ಸೇರಿ ಟಿ.ಐ. ಸೈಕಲ್ಸ್ ಕಟ್ಟಿದರು, ಬರ್ಮಿಂಗ್‌ಹ್ಯಾಮಿನ ಹರ್ಕ್ಯುಲಿಸ್ ಅಂಬತ್ತೂರಿನಲ್ಲಿ ತಯಾರಾಗತೊಡಗಿತು. 1956ರಲ್ಲಿ ಲುಧಿಯಾನದಲ್ಲಿ ಹೀರೋ. ಅಚ್ಚು ಬದಲಾಗಲಿಲ್ಲ, ಹಲ್ಲುಗಳ ಜೋಡಿಯೂ ಬಹುಮಟ್ಟಿಗೆ ಅದೇ ನಡೆಯಲ್ಲಿ ಉಳಿಯಿತು: ಮುಂದೆ ನಲವತ್ತರ ಮೇಲೆ, ಹಿಂದೆ ಹದಿನೆಂಟು. 2006-07ರಿಂದ ಕರ್ನಾಟಕ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಕೊಡತೊಡಗಿದ ಸೈಕಲ್ಲೂ ಒಂದೇ ಗೇರಿನದು. ನವಲಗುಂದದ ಬಯಲಿನ ಹುಡುಗಿಗೂ ತಂಬೂರಿನ ಕಾಡಂಚಿನ ಹುಡುಗಿಗೂ ಒಂದೇ ನಮೂನೆ.

ಗೇರು ಬದಲಿಸುವ ಸೈಕಲ್ಲು ಅಷ್ಟರಲ್ಲಿ ಇರಲಿಲ್ಲವೇ ಎಂದರೆ ಇತ್ತು. ಫ್ರಾನ್ಸಿನ ಸೇಂಟ್ ಎಟಿಯೆನ್ ಎಂಬ ಗುಡ್ಡಗಾಡಿನ ಊರಿನ ಪಾಲ್ ದ ವಿವಿ ಜೀವನವಿಡೀ ಅದಕ್ಕಾಗಿ ಹೋರಾಡಿದ. ಅವನ ಮೊದಲ ಉಪಾಯದಲ್ಲಿ ಇಳಿದು ಕೈಯಿಂದಲೇ ಚೈನನ್ನು ಒಂದು ಚಕ್ರದಿಂದ ಇನ್ನೊಂದಕ್ಕೆ ಸರಿಸಬೇಕಿತ್ತು. 1902ರಲ್ಲಿ ಬೆಟ್ಟದ ದಾರಿಯ ಪರೀಕ್ಷೆಯೊಂದರಲ್ಲಿ ಮೂರು ಗೇರಿನ ಸೈಕಲ್ಲಿನ ಮೇಲೆ ಮಾರ್ತ್ ಎಸ್ ಎಂಬ ಹೆಂಗಸು, ಒಂದೇ ಗೇರಿನ ಪ್ರಸಿದ್ಧ ಸವಾರನನ್ನು ಹಿಂದೆ ಹಾಕಿದಳು. ಮರುವರ್ಷ ಟೂರ್ ದ ಫ್ರಾನ್ಸ್ ಶುರುಮಾಡಿದ ಆಂರಿ ದೆಗ್ರಾಂಜ್ ಒಪ್ಪಲಿಲ್ಲ. ಗೇರು ನಲವತ್ತೈದು ದಾಟಿದವರಿಗೆ ಇರಲಿ ಎಂಬರ್ಥದ ಅವನ ಮಾತು ಸೈಕಲ್ ಲೋಕದಲ್ಲಿ ಇವತ್ತಿಗೂ ಓಡಾಡುತ್ತದೆ. ಚೈನು ಸರಿಸುವ ಯಂತ್ರಕ್ಕೆ ಅವನ ಪಂದ್ಯದಲ್ಲಿ ಪ್ರವೇಶ ಸಿಕ್ಕಿದ್ದು 1937ರಲ್ಲಿ. ಅಲ್ಲಿಯವರೆಗೆ ಸವಾರರು ಹಿಂದಿನ ಗಾಲಿಯ ಎರಡೂ ಬದಿಗೆ ಬೇರೆಬೇರೆ ಹಲ್ಲಿನ ಚಕ್ರ ಕೂರಿಸಿಕೊಂಡು, ಘಟ್ಟದ ಬುಡದಲ್ಲಿ ಇಳಿದು, ಗಾಲಿ ಬಿಚ್ಚಿ ತಿರುಗಿಸಿ ಹಾಕಿಕೊಳ್ಳುತ್ತಿದ್ದರು. ನನಗೆ ಐವತ್ತೆರಡು. ದೆಗ್ರಾಂಜನ ಪರವಾನಗಿ ನನಗೆ ಯಾವತ್ತೋ ಸಿಕ್ಕಿದೆ. ಆದರೂ ನಾನು ಒಂದೇ ಗೇರಿಗೆ ಅಂಟಿಕೊಂಡೆ. ಗೇರು ಬದಲಿಸುವ ಸಲಕರಣೆ ಹಿಂದಿನ ಗಾಲಿಯ ಬದಿಯಲ್ಲಿ ನೆಲಕ್ಕೆ ಒಂದು ಗೇಣು ಮೇಲೆ ಜೋತಾಡುತ್ತದೆ. ಮಳೆಗಾಲದಲ್ಲಿ ಹೊಲದ ದಾರಿಗೆ ಇಳಿದರೆ ಅದು ಮೊದಲು ಕಚ್ಚಿಕೊಳ್ಳುವುದು ಕೆಸರನ್ನು.

ಹಾಗಾದರೆ ಕಲಘಟಗಿಗೆ ಯಾವ ಅಂಕಿ?

ಇದನ್ನು ಹೇಳುವ ಪುಸ್ತಕ ಸಿಗುವುದಿಲ್ಲ. ಎರಡು ಸಂಗತಿ ಬೇಕು, ಕಾಲಿನ ಲಯ ಮತ್ತು ದಾರಿಯ ಏರು. ಲಯದ ಪಾಠ ನಮ್ಮೂರಲ್ಲೇ ಇದೆ. ಕಲಘಟಗಿ ಅಂದರೆ ತೊಟ್ಟಿಲು. ಸಾಗವಾನಿಯ ಮೇಲೆ ಅರಗಿನ ಬಣ್ಣದಲ್ಲಿ ರಾಮನ ಕತೆ, ಕೃಷ್ಣನ ಕತೆ ಬರೆದ ತೊಟ್ಟಿಲು. ಅದನ್ನು ತೂಗಿದವರಿಗೆ ಗೊತ್ತು: ಜಂತಿಯಿಂದ ಇಳಿಬಿಟ್ಟ ಹಗ್ಗದ ಉದ್ದಕ್ಕೆ ತಕ್ಕ ಒಂದು ಗತಿ ಅದಕ್ಕಿದೆ. ಏಳು ಅಡಿಯ ಮೇಲೆ ಸ್ವಲ್ಪ ಇದ್ದರೆ ಹೋಗಿ ಬರಲು ಮೂರು ಸೆಕೆಂಡು. ತೂಗುವವಳು ಅಜ್ಜಿಯಾಗಲಿ ಸೊಸೆಯಾಗಲಿ, ಗತಿ ಬದಲಾಗುವುದಿಲ್ಲ. ಅವಸರ ಮಾಡಿದರೆ ತೊಟ್ಟಿಲು ಕೈಗೆ ಬಡಿಯುತ್ತದೆ. ಕಾಲಿಗೂ ಅಂಥ ಗತಿ ಇದೆ. ಪಂದ್ಯದವರು ನಿಮಿಷಕ್ಕೆ ತೊಂಬತ್ತು ಸುತ್ತು ತುಳಿಯುತ್ತಾರೆ, ಅದು ಅಭ್ಯಾಸದ ಫಲ. ನನ್ನದನ್ನು ಗಡಿಯಾರ ಹಿಡಿದು ಎಣಿಸಿದೆ, ಐವತ್ತೆಂಟು, ಅರವತ್ತು. ಅರವತ್ತು ಅಂತಿಟ್ಟುಕೊಂಡರೆ ಹದಿನೆಂಟು ಹಲ್ಲಿಗೆ ತಾಸಿಗೆ ಇಪ್ಪತ್ತು ಕಿಲೋಮೀಟರಿಗೆ ಕೊಂಚ ಕಡಿಮೆ. ಇಪ್ಪತ್ತಕ್ಕೆ 17.7. ಇಪ್ಪತ್ತೆರಡಕ್ಕೆ 16.

ದಾರಿಯ ಏರು ಅಳೆಯಲು ನನ್ನ ಬಳಿ ಸಲಕರಣೆ ಇರಲಿಲ್ಲ. ಹೊಳೆ ಇತ್ತು.

ಧಾರವಾಡದ ಸೋಮೇಶ್ವರದ ಬಳಿ ಹುಟ್ಟುವ ಶಾಲ್ಮಲೆ, ಹುಬ್ಬಳ್ಳಿಯ ಕಡೆಯಿಂದ ಬರುವ ಬೇಡ್ತಿಯ ಹಳ್ಳ, ಎರಡೂ ನಮ್ಮ ತಾಲ್ಲೂಕಿನಲ್ಲಿ ಕೂಡಿ, ಮುಂದೆ ಯಲ್ಲಾಪುರದ ಕಾಡು ಹೊಕ್ಕು, ಗಂಗಾವಳಿಯೆಂಬ ಹೆಸರಲ್ಲಿ ಅರಬ್ಬಿ ಸಮುದ್ರ ಸೇರುತ್ತವೆ. ಅರವತ್ತು ಸಲ ಕೇಳಿದ ಭೂಗೋಳ. ಸೈಕಲ್ಲಿನ ಮೇಲಿಂದ ನೋಡಿದಾಗ ಅದಕ್ಕೆ ಬೇರೆ ಅರ್ಥ ಬಂತು. ನೀರು ಧಾರವಾಡದಿಂದಲೂ ಹುಬ್ಬಳ್ಳಿಯಿಂದಲೂ ನಮ್ಮ ಕಡೆ ಇಳಿಯುತ್ತದೆ. ಅಂದರೆ ನಮ್ಮವರು ಸಂತೆಗೆ, ಕೋರ್ಟಿಗೆ, ಆಸ್ಪತ್ರೆಗೆ, ಕಾಲೇಜಿಗೆ ಎಲ್ಲಿಗೆ ಹೋದರೂ ಹೊಳೆಯ ಎದುರಿಗೇ ಹೋಗುತ್ತಾರೆ. ಕಣ್ಣಿಗೆ ಮಟ್ಟಸ ಕಾಣುವ ಹುಬ್ಬಳ್ಳಿ ರಸ್ತೆ, ನಡುವೆ ಎಷ್ಟೇ ಇಳಿಜಾರು ಬರಲಿ, ಒಟ್ಟಿನಲ್ಲಿ ಏರುತ್ತಲೇ ಇರುತ್ತದೆ. ಬರುವಾಗ ಸೈಕಲ್ಲು ತಾನೇ ಮನೆ ಹಿಡಿಯುತ್ತದೆ. ಹುಬ್ಬಳ್ಳಿಯಿಂದ ಬರುವಾಗ ದಾರಿ ಹತ್ತಿರ ಅನ್ನಿಸುತ್ತದೆ ಎಂದು ಅಪ್ಪ ಅನ್ನುತ್ತಿದ್ದ. ಮನೆಯ ಸೆಳೆತ ಇರಬೇಕು ಎಂದು ಅವ್ವ ನಗುತ್ತಿದ್ದಳು.

ಆ ಬೇಸಗೆಯಲ್ಲಿ ಹೊಸ 44, ಹೊಸ 18 ಹಾಕಿಕೊಂಡೇ ಹೊರಟೆ. ಮೊದಲು ಅಪ್ಪನ ಅಂಕಿಯನ್ನು ತುಳಿದು ನೋಡೋಣ ಎಂದು. ಹುಬ್ಬಳ್ಳಿ ಸುಮಾರು ಇಪ್ಪತ್ತೆಂಟು ಕಿಲೋಮೀಟರು, ತುಳಿತ ಐದು ಸಾವಿರ ಚಿಲ್ಲರೆ. ಮಿಶ್ರಿಕೋಟಿ ಕ್ರಾಸಿನ ಹೊತ್ತಿಗೆ ಮೊಣಕಾಲಿನ ಚಿಪ್ಪು ಮಾತಾಡತೊಡಗಿತು. ಬರುವಾಗ ಸುಖವೇ ಸುಖ.

ವಾರ ಬಿಟ್ಟು ಇಪ್ಪತ್ತೆರಡರದು ಕೇಳಿದೆ. ಕಾಕಾ ಕೆಳಗಿನ ಡಬ್ಬಿಯಲ್ಲಿ ಕೈಯಾಡಿಸಿ ತೆಗೆದರು. ಹಳೆಯ ಫ್ರೀವೀಲು ಬಿಚ್ಚುವುದೇ ಒಂದು ದೊಡ್ಡ ಕೆಲಸ. ತುಳಿದಷ್ಟೂ ಅದು ತನ್ನ ಥ್ರೆಡ್ಡಿನ ಮೇಲೆ ಇನ್ನಷ್ಟು ಬಿಗಿಯುತ್ತ ಹೋಗುತ್ತದೆ. ಐವತ್ತು ಕಿಲೋಮೀಟರಿಗೇ ಕಚ್ಚಿಕೊಂಡುಬಿಟ್ಟಿತ್ತು. ಕಾಕಾ ಬಿಚ್ಚುವ ಹತಾರವನ್ನು ವೈಸಿನಲ್ಲಿ ಕಚ್ಚಿಸಿ, ಅದರ ಮೇಲೆ ಗಾಲಿಯನ್ನು ಅಡ್ಡ ಮಲಗಿಸಿ, ರಿಮ್ಮನ್ನು ಎರಡೂ ಕೈಲಿ ಹಿಡಿದು ಬಸ್ಸಿನ ಸ್ಟೀರಿಂಗು ತಿರುಗಿಸಿದ ಹಾಗೆ ತಿರುಗಿಸಿದರು. ಇಷ್ಟು ದೊಡ್ಡ ಸನ್ನೆಗೋಲು ಗಾಲಿಯ ರೂಪದಲ್ಲಿ ಅಲ್ಲೇ ಇರುವಾಗ ಸುತ್ತಿಗೆ ಯಾಕೆ ಬೇಕು!

ಇಪ್ಪತ್ತೆರಡರಲ್ಲಿ ದಿಬ್ಬಗಳು ಮೆತ್ತಗಾದವು. ಆದರೆ ಮಟ್ಟಸ ಬಂದ ಕೂಡಲೇ ಕಾಲು ಮೆಂತ್ಯ ಹುರಿದ ಹಾಗೆ ಚಟಪಟ. ಶಾಲೆಯ ಸಮವಸ್ತ್ರದ ಹುಡುಗನೊಬ್ಬ ಕ್ಯಾರಿಯರಿನಲ್ಲಿ ಗೆಳೆಯನನ್ನು ಕೂರಿಸಿಕೊಂಡು, ನನ್ನನ್ನು ದಾಟಿ, ತಿರುಗಿ ನೋಡಿ ಹೋದ. ಮುಂದಿನ ವಾರ ಇಪ್ಪತ್ತು. ಅದು ಕೂತಿತು. ಒಂದು ತುಳಿತಕ್ಕೆ 4.92 ಮೀಟರು. ಹುಬ್ಬಳ್ಳಿಗೆ ಹದಿನೆಂಟಕ್ಕಿಂತ ಐನೂರೈವತ್ತಕ್ಕೂ ಮಿಕ್ಕಿ ತುಳಿತ ಹೆಚ್ಚು, ಆದರೆ ಪ್ರತಿಯೊಂದೂ ಹತ್ತರಲ್ಲಿ ಒಂದು ಪಾಲು ಹಗುರ. ಇಂಚಿನಲ್ಲಿ ಹೇಳಿದರೆ 61.6. ಎತ್ತರದ ಇಂಗ್ಲಿಷ್ ಆಳಿನ ದೊಡ್ಡ ಗಾಲಿಯ ಹತ್ತಿರ ಹತ್ತಿರಕ್ಕೆ ಬಂದು ನಿಂತಿದ್ದೆ.

ಕತೆ ಇಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ಅಷ್ಟರಲ್ಲಿ ಮಿರಗದ ಮಳೆ ಹೊಕ್ಕಿತು.

ಆರಿದ್ರಾ ಮಳೆಯ ಒಂದು ಸಂಜೆ ಹುಬ್ಬಳ್ಳಿಯಿಂದ ಮರಳುತ್ತಿದ್ದೆ. ಇಳಿಜಾರಿನ ದಾರಿ, ಕಾಲು ಬಿಟ್ಟು ಕೂರಬೇಕಾದ ಜಾಗ. ನಾನು ಬೆವರು ಹರಿಸಿ ತುಳಿಯುತ್ತಿದ್ದೆ. ಬೇರಿಂಗು ಹೋಯಿತೇ, ಬ್ರೇಕು ಕಚ್ಚಿದೆಯೇ ಎಂದು ಒಂದು ಸಣ್ಣ ಸೇತುವೆಯ ಮೇಲೆ ಇಳಿದು ಗಾಲಿ ತಿರುಗಿಸಿ ನೋಡಿದೆ, ಸಲೀಸಾಗಿ ತಿರುಗಿತು. ಕೆಳಗೆ ಕೆಂಪು ನೀರು ನಾನು ಹೋಗುವ ದಿಕ್ಕಿಗೇ ಓಡುತ್ತಿತ್ತು. ದಂಡೆಯ ಹುಲ್ಲು ಮಾತ್ರ ಹುಬ್ಬಳ್ಳಿಯ ಕಡೆ ತಲೆ ಬಾಗಿಸಿ ಮಲಗಿತ್ತು. ನೀರು ನನ್ನ ಜೊತೆ, ಗಾಳಿ ನನ್ನ ಎದುರು.

ಹುಬ್ಬಳ್ಳಿ ನಮಗೆ ಈಶಾನ್ಯಕ್ಕಿದೆ. ಮುಂಗಾರಿನ ಗಾಳಿ ನೈಋತ್ಯದಿಂದ ಬೀಸುತ್ತದೆ. ಹೋಗುವಾಗ ಏರು, ಆದರೆ ಬೆನ್ನಿಗೆ ಗಾಳಿ. ಬರುವಾಗ ಇಳಿಜಾರು, ಆದರೆ ಎದೆಗೆ ಗಾಳಿ. ಮನೆಗೆ ಬಂದು ಲೆಕ್ಕ ಹಾಕಿದೆ. ತಾಸಿಗೆ ಹದಿನೈದು ಕಿಲೋಮೀಟರಿನಲ್ಲಿ ಹೋಗುವವನಿಗೆ ಅಷ್ಟೇ ವೇಗದ ಎದುರುಗಾಳಿ ಬೀಸಿದರೆ, ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ. ನನ್ನಂಥವನ ನೂರು ಕಿಲೋ ಭಾರಕ್ಕೆ ಅದು ನೂರಕ್ಕೆ ಎರಡು ಅಡಿಯ ಏರಿಗೆ ಹತ್ತಿರ. ಮುಂಗಾರಿನ ನಾಲ್ಕು ತಿಂಗಳು ಏರನ್ನೂ ಇಳಿಜಾರನ್ನೂ ಗಾಳಿ ತಿದ್ದಿ ತಿದ್ದಿ ಒಂದೇ ಮಟ್ಟಕ್ಕೆ ತರುತ್ತದೆ. ಹುಬ್ಬಳ್ಳಿ ರಸ್ತೆಗೆ ಒಂದೇ ಗೇರಿನ ಸೈಕಲ್ಲು ಹೇಳಿ ಮಾಡಿಸಿದ ಕಾಲ ಅಂದರೆ, ಯಾರೂ ಸೈಕಲ್ಲು ಹೊರಗೆ ತೆಗೆಯದ ಮಳೆಗಾಲ!

ಎರಿಭೂಮಿಯ ನವಲಗುಂದದ ಗೆಳೆಯನಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದೆ. "ನಮ್ಮಲ್ಲಿ ದಿಬ್ಬ ಎಲ್ಲೈತಿ? ಬರೇ ಗಾಳಿ," ಅಂದ. ಅವರ ಹಳ್ಳಗಳು ಬೆಣ್ಣೆಹಳ್ಳವಾಗಿ ಮಲಪ್ರಭೆಗೆ, ಅಲ್ಲಿಂದ ಪೂರ್ವ ಸಮುದ್ರಕ್ಕೆ ಹೋಗುವವು. ಅವಸರವಿಲ್ಲದೆ ಹೋಗುವವು, ಅದಕ್ಕೇ ಮಳೆ ಜೋರಾದರೆ ಹೊಲವೆಲ್ಲ ಹರಡಿಕೊಳ್ಳುತ್ತವೆ. ಅಷ್ಟು ಮಟ್ಟಸ. ಅಲ್ಲಿ ಹದಿನೆಂಟು ಒಪ್ಪುತ್ತದೆ, ಗಾಳಿ ಬೆನ್ನಿಗಿದ್ದರೆ ಹದಿನಾರೂ ಒಪ್ಪೀತು. ಮಳೆ ಬಿದ್ದರೆ ಯಾವುದೂ ಬೇಡ. ಎರಿಮಣ್ಣು ಮಡ್‌ಗಾರ್ಡಿನಲ್ಲಿ ತುಂಬಿಕೊಂಡು ಗಾಲಿ ನಿಲ್ಲುತ್ತದೆ, ಸೈಕಲ್ಲನ್ನೇ ಹೆಗಲಿಗೇರಿಸಬೇಕು.

ಸ್ವಾತಿ ಮಳೆಯ ಹೊತ್ತಿಗೆ ಗಾಳಿ ತಿರುಗಿತು. ಈಗ ಹೋಗುವಾಗ ಏರೂ ಎದುರು, ಗಾಳಿಯೂ ಎದುರು. ಬರುವಾಗ ಎರಡೂ ಬೆನ್ನಿಗೆ. ಹೋಗಲು ಇಪ್ಪತ್ತೆರಡು ಬೇಕು, ಬರಲು ಹದಿನಾರು. ಇಪ್ಪತ್ತು ಎರಡಕ್ಕೂ ಸಲ್ಲದು. ಟೂರ್ ದ ಫ್ರಾನ್ಸಿನ ಹಳಬರಾಗಿದ್ದರೆ ಹುಬ್ಬಳ್ಳಿಯಲ್ಲಿ ಗಾಲಿ ತಿರುಗಿಸಿ ಹಾಕಿಕೊಂಡು ಬರುತ್ತಿದ್ದರು. ನನ್ನ ಹಬ್ಬಿಗೆ ಥ್ರೆಡ್ಡು ಇರುವುದು ಒಂದೇ ಬದಿಗೆ.

ಬಹಳ ಯೋಚಿಸಿದ ಮೇಲೆ ಹೊಳೆದದ್ದು, ನಾನು ತಿಂಗಳುಗಟ್ಟಲೆ ಹಲ್ಲುಗಳನ್ನೇ ಎಣಿಸುತ್ತ ಕೂತು ಅವು ಕೂತಿರುವ ವಸ್ತುವನ್ನೇ ನೋಡಿರಲಿಲ್ಲ ಎಂಬುದು. ಮೊದಲ ಚೈನಿನ ಸೈಕಲ್ಲುಗಳಿಗೆ ಫ್ರೀವೀಲು ಇರಲಿಲ್ಲ. ಗಾಲಿ ತಿರುಗಿದರೆ ಪೆಡಲೂ ತಿರುಗಲೇಬೇಕು. ಇಳಿಜಾರಿನಲ್ಲಿ ಸವಾರರು ಪೆಡಲು ಬಿಟ್ಟು, ಮುಂದಿನ ಫೋರ್ಕಿಗೆ ಹಾಕಿದ ಗೂಟಗಳ ಮೇಲೆ ಕಾಲಿಟ್ಟು ಕೂರುತ್ತಿದ್ದರು. ಅವರ ಕೆಳಗೆ ಪೆಡಲುಗಳು ತಮ್ಮ ಪಾಡಿಗೆ ಗಿರಗಿರ ತಿರುಗುತ್ತಿದ್ದವು. ಫ್ರೀವೀಲು ಎಲ್ಲೆಡೆ ಹಬ್ಬಿದ್ದು 1900ರ ಆಸುಪಾಸಿಗೆ. ಒಳಗೆ ಎರಡು ಪುಟ್ಟ ನಾಲಿಗೆ, ಅವುಗಳ ಬೆನ್ನಿಗೆ ಕೂದಲೆಳೆಯಂಥ ಸ್ಪ್ರಿಂಗು. ಮುಂದಕ್ಕೆ ತುಳಿದರೆ ನಾಲಿಗೆ ಒಳಹಲ್ಲಿಗೆ ಸಿಕ್ಕಿಕೊಂಡು ಗಾಲಿಯನ್ನು ಎಳೆಯುತ್ತದೆ. ಕಾಲು ನಿಂತರೆ ಹಲ್ಲುಗಳ ಮೇಲೆ ಜಾರಿ ಟಿಕ್ ಟಿಕ್ ಅನ್ನುತ್ತದೆ. ವಿಜಯಪುರ, ಬಾಗಲಕೋಟೆ, ಗದಗಿನ ಹುಡುಗ ಹುಡುಗಿಯರು ಟ್ರ್ಯಾಕಿನ ಪಂದ್ಯಗಳಲ್ಲಿ ಓಡಿಸುವ ಸೈಕಲ್ಲಿಗೆ ಇದು ಇವತ್ತಿಗೂ ಇಲ್ಲ, ಬ್ರೇಕೂ ಇಲ್ಲ. ಅವರಿಗೆ ಇಳಿಜಾರಿನ ಚಿಂತೆಯಿಲ್ಲ. ನನಗಿದೆ. ಬರುವಾಗ ಹದಿನಾರು ಹಲ್ಲಿನ ಕೆಲಸವನ್ನು ಈ ಟಿಕ್ ಟಿಕ್ ಮಾಡುತ್ತದೆ; ತುಳಿಯದೆ ಕೂತರಾಯಿತು. ಗೇರನ್ನು ಹೋಗುವ ದಾರಿಗೆ ಮಾತ್ರ ಆರಿಸಿದರೆ ಸಾಕು.

ದೀಪಾವಳಿ ಆದ ಮೇಲೆ ಕಾಕಾನ ಅಂಗಡಿಗೆ ಹೋಗಿ ಇಪ್ಪತ್ತೆರಡು ಹಾಕಿ ಅಂದೆ.

"ಮತ್ತ? ಹೋದ ಬ್ಯಾಸಗ್ಯಾಗ ಬ್ಯಾಡಂದಿದ್ದೆಲ್ಲೋ."

"ಗಾಳಿ ತಿರಗೇತಿ, ಕಾಕಾ."

ಅವರು ತಲೆಯೆತ್ತಿ ಬೇವಿನ ಮರದ ತುದಿ ನೋಡಿದರು. ಆಮೇಲೆ ಗಾಲಿಯ ಅಚ್ಚು ಕೂತ ಕಂಡಿಯನ್ನು ನೋಡಿದರು. ಎರಡು ಹಲ್ಲು ಹೆಚ್ಚಿದರೆ ಗಾಲಿ ಕಾಲಿಂಚು ಮುಂದೆ ಸರಿಯುತ್ತದೆ. ಹದಿನೆಂಟರಿಂದ ಇಪ್ಪತ್ತಕ್ಕೆ ಒಂದು ಸಲ ಸರಿದಾಗಿತ್ತು.

"ಇನ್ನ ಮುಂದ ಸರಸಿದ್ರ ಟಾಯರ ಮಡ್‌ಗಾರ್ಡಿಗೆ ಉಜ್ಜತೈತಿ," ಅಂದರು. "ಚೈನಿಗೆ ಒಂದ ಇಂಚ ಸೇರಸಬೇಕು. ಎರಡ ಕೊಂಡಿ. ಬ್ಯಾಸಗಿಗೆ ಮತ್ತ ತಗೀಬೇಕಾಗತೈತಿ, ಕಳೀಬ್ಯಾಡ."

ತೆಗೆದ ಇಪ್ಪತ್ತರ ಫ್ರೀವೀಲನ್ನು ಎಣ್ಣೆಯಲ್ಲಿ ಅದ್ದಿ, ಹಳೆಯ ಟ್ಯೂಬಿನ ತುಂಡಿನಲ್ಲಿ ಸುತ್ತಿ, ಗೋಡೆಯ ಮೊಳೆಗೆ ನೇತುಹಾಕಿದರು. ಸುತ್ತುವ ಮುಂಚೆ ಒಂದು ಹಲ್ಲಿನ ಮೇಲೆ ಹೆಬ್ಬೆರಳಿಟ್ಟು, ತುಟಿ ಆಡಿಸುತ್ತ ಪೂರ್ತಿ ಒಂದು ಸುತ್ತು ತಿರುಗಿಸಿದ್ದನ್ನು ನಾನು ಕಂಡೆ.